ಸೂಳೆಕೆರೆ ಕುರಿತು ಆಕರ ಹುಡುಕಿದರೆ ಏನೂ ಸಿಗುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ತುಂಗಾತೀರ:
ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಇತಿಹಾಸ, ತೂಬು, ಕಾಲುವೆ ಕುರಿತು ಆಕರ ಬೇಕು. ಗೂಗಲ್ ಸ್ಕಾಲರ್‌ನಲ್ಲಿ ಇಂಗ್ಲಿಷಿನಲ್ಲಿ ‘ಲೇಕ್ ದಾವಣಗೆರೆ’ ಎಂದು ಹಾಕಿದರೆ ನೀರಿನ ಗುಣಮಟ್ಟ, ಮೀನು, ಪಾಚಿಯ ಲೇಖನಗಳೇ ಬರುತ್ತವೆ. ಭಾರತದ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಬಂಧಗಳಿರುವ ಜಾಲತಾಣ ಶೋಧಗಂಗಾದಲ್ಲಿ ಕನ್ನಡದಲ್ಲೇ ‘ಕೆರೆ ನೀರಾವರಿ’ ಟೈಪಿಸಿದರೂ ಪ್ರಯೋಜನವಿಲ್ಲ.

ಕಪಾಟು3:
‘ಲೇಕ್’ ಬಿಡಿ. ಏರಿ ಕಟ್ಟಿ ನೀರು ನಿಲ್ಲಿಸಿದ ಕೆರೆಗೆ ಇತಿಹಾಸ, ನೀರಾವರಿ ಬರಹಗಳಲ್ಲಿ ಬಳಕೆಯಾಗುವ ಪದ ‘ಟ್ಯಾಂಕ್’. ಒಂಟಿಯಾಗಿ ಹಾಕಿದರೆ ಯುದ್ಧದ ಟ್ಯಾಂಕೂ ಬಂದುಬಿಡುತ್ತದೆ, ಆದ್ದರಿಂದ ‘ಟ್ಯಾಂಕ್ ಇರಿಗೇಶನ್’ ಎರಡನ್ನೂ ಸೇರಿಸಿ ಜೋಡಿ ಉದ್ಧರಣ ಚಿಹ್ನೆಯೊಳಗಿಡಿ. ತೂಬಿಗೆ ‘ಸ್ಲೂಯಿಸ್’. ಸೂಳೆಕೆರೆ, ಶಾಂತಿಸಾಗರ ಎರಡೂ ಹೆಸರು ಬೇಕು. ನಡುವೆ ಇಂಗ್ಲಿಷಿನ ‘ಆರ್’ (‘ಅಥವಾ’ ಎಂಬರ್ಥದ ಓ-ಆರ್) ಹಾಕುವಾಗ ಎರಡೂ ಅಕ್ಷರ ಕ್ಯಾಪಿಟಲ್ ಇರಲಿ, ಇಲ್ಲದಿದ್ದರೆ ಅದು ಆಯ್ಕೆಯ ಸೂಚನೆಯಾಗಿ ಕೆಲಸ ಮಾಡುವುದಿಲ್ಲ.

ದೊಡ್ಡ ತಪ್ಪಿರುವುದು ಜಿಲ್ಲೆಯ ಹೆಸರಿನಲ್ಲಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಚನ್ನಗಿರಿ ಇದ್ದದ್ದು ಶಿವಮೊಗ್ಗ ಜಿಲ್ಲೆಯಲ್ಲಿ, ಅದೂ ‘ಶಿಮೊಗಾ’ ಎಂಬ ಕಾಗುಣಿತದಲ್ಲಿ. ರೈಸ್ ಅವರ ಶಾಸನಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಚನ್ನಗಿರಿಯ ಶಾಸನಗಳು 7ನೇ ಸಂಪುಟದಲ್ಲಿವೆ. ದಾವಣಗೆರೆ ಎಂದು ಹುಡುಕುತ್ತ ಹೋದರೆ ಚಿತ್ರದುರ್ಗದ 11ನೇ ಸಂಪುಟಕ್ಕೆ ಹೋಗಿ ಮುಟ್ಟುತ್ತೀರಿ. 1973ಕ್ಕೆ ಹಿಂದಿನ ಬರಹಗಳಿಗೆ ‘ಕರ್ನಾಟಕ’ದ ಬದಲು ‘ಮೈಸೂರು’ ಹಾಕಿ.

ಓಲೆಗರಿ:
ಶೋಧಗಂಗಾದ ತೊಂದರೆ ಬೇರೆ. ಹಳೆಯ ಕನ್ನಡ ಪ್ರಬಂಧಗಳಲ್ಲಿ ಎಷ್ಟೋ ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡ, ಕಡತದೊಳಗೆ ಇಂಗ್ಲಿಷ್ ಅಕ್ಷರ. ಪಿಡಿಎಫ್‌ನ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ನುಡಿಯಲ್ಲಿದ್ದರೆ ‘ಕೆರೆ’ ಇದ್ದಲ್ಲಿ ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಇ, ಚಿಕ್ಕ ಜಿ, ಮತ್ತೆ ಅದೇ ಇ ಕಾಣುತ್ತದೆ. ಆ ಗೋಜಲನ್ನೇ ಕಾಪಿ ಮಾಡಿ ಕಂಟ್ರೋಲ್-ಎಫ್ ಪೆಟ್ಟಿಗೆಗೆ ಹಾಕಿದರೆ ಆ ಕಡತದೊಳಗೆ ಕೆರೆ ಬಂದ ಜಾಗಗಳು ಸಿಗುತ್ತವೆ. ಏನೂ ಕಾಪಿಯೇ ಆಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ, ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯವಾಗಿಸುವುದು) ಮಾಡದೆ ದಾರಿಯಿಲ್ಲ.

ಹಾಗಾಗಿ ಪೂರ್ಣಪಠ್ಯದ ಹುಡುಕಾಟವನ್ನು ನೆಚ್ಚಬೇಡಿ. ವಿಶ್ವವಿದ್ಯಾಲಯ, ವಿಭಾಗದ ಮೂಲಕ ಒಳಹೋಗಿ ಶೀರ್ಷಿಕೆಪಟ್ಟಿ ಓದಿ. ನಿಮ್ಮ ವಿಷಯಕ್ಕೆ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಿಂದ ಶುರುಮಾಡಬಹುದು. ಅಧ್ಯಾಯಗಳು ಬಿಡಿ ಬಿಡಿ ಕಡತಗಳಾಗಿರುತ್ತವೆ. ಮೊದಲು ಗ್ರಂಥಋಣದ ಕಡತ ತೆರೆಯಿರಿ. ಹತ್ತು ಹುಡುಕಾಟದಲ್ಲಿ ಸಿಗದ್ದು ಆ ಪುಟಗಳಲ್ಲಿ ಸಿಗುತ್ತದೆ.

ಯೂನಿಕೋಡ್ ಪಠ್ಯವಿದ್ದರೂ ಕೆರೆ, ಕೆರೆಯ, ಕೆರೆಗಳು, ಕೆರೆಗಳ ಎಲ್ಲವನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿ. ಒಂದು ರೂಪ ಹಾಕಿದರೆ ಉಳಿದವು ಬರುತ್ತವೆಂಬ ಭರವಸೆಯಿಲ್ಲ.

ತುಂಗಾತೀರ:
ಜಿಲ್ಲೆ ಬದಲಿಸಿದ ಮೇಲೆ ಸ್ಕಾಲರ್‌ನಲ್ಲಿ ದಾರಿ ಕಂಡಿತು. ವರ್ಲ್ಡ್‌ಕ್ಯಾಟ್‌ನಲ್ಲಿ (ಹಲವು ಗ್ರಂಥಾಲಯಗಳ ಒಟ್ಟು ಪುಸ್ತಕಪಟ್ಟಿ) ಕನ್ನಡ ಪುಸ್ತಕ ಹುಡುಕಲು ಇಂಗ್ಲಿಷ್ ಅಕ್ಷರದಲ್ಲಿ ‘ಶಾಸನ’, ‘ಚರಿತ್ರೆ’ ಹಾಕಿದರೆ ಬಹಳ ಕಡಿಮೆ ಬರುತ್ತಿದೆಯಲ್ಲ?

ಕಪಾಟು3:
‘ಶ’ಕ್ಕೆ ಎಸ್-ಎಚ್, ‘ಚ’ಕ್ಕೆ ಸಿ-ಎಚ್ ಹಾಕಿರುತ್ತೀರಿ, ಎರಡು ಕಡೆಯೂ ಎಚ್ ತೆಗೆಯಿರಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯ ಲಿಪ್ಯಂತರದಲ್ಲಿ ‘ಶ’ ಎಂದರೆ ಮೇಲೆ ಗೀಟಿರುವ ಎಸ್ ಮಾತ್ರ, ‘ಚ’ ಎಂದರೆ ಬರೀ ಸಿ. ಸಿ-ಎಚ್ ಬರುವುದು ‘ಛ’ಕ್ಕೆ. ದೀರ್ಘಕ್ಕೆ ಎ ಅಕ್ಷರ ಎರಡು ಸಲ ಹಾಕುವುದೂ ಇಲ್ಲ, ತಲೆಯ ಮೇಲೊಂದು ಅಡ್ಡಗೆರೆ ಅಷ್ಟೇ. ಗೀಟು, ಚುಕ್ಕೆ ಟೈಪಿಸುವ ಅಗತ್ಯವಿಲ್ಲ, ಮೂಲ ಅಕ್ಷರ ಸಾಕು. ಆರ್ಕೈವ್ ಡಾಟ್ ಆರ್ಗ್‌ಗೆ ಈ ನಿಯಮ ಹಿಡಿಯಬೇಡಿ. ಅಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್‌ಗಳಿಗೆ ಶೀರ್ಷಿಕೆ ಹೇಗೆ ಬೇಕೋ ಹಾಗೆ ಹಾಕಿದ್ದಾರೆ. ಪದದ ಮೊದಲ ನಾಲ್ಕೈದು ಅಕ್ಷರ ಬರೆದು ನಕ್ಷತ್ರ ಚಿಹ್ನೆ ಹಾಕಿ.

ಓಲೆಗರಿ:
ಸ್ಕಾಲರ್‌ನಲ್ಲಿ ಒಂದು ಒಳ್ಳೆಯ ಲೇಖನ ಸಿಕ್ಕಿದ್ದರೆ ಅದರ ಕೆಳಗಿನ ‘ಸೈಟೆಡ್ ಬೈ’ ಒತ್ತಿ, ಮೇಲೆ ಬರುವ ‘ಇವುಗಳೊಳಗೆ ಮಾತ್ರ ಹುಡುಕು’ ಎಂಬರ್ಥದ ಚೌಕಕ್ಕೆ ಟಿಕ್ ಹಾಕಿ ‘ಸ್ಲೂಯಿಸ್’ ಕೊಡಿ. ಗ್ರಂಥಾಲಯಕ್ಕೇ ಹೋಗುವುದಾದರೆ ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಸಂಖ್ಯೆ 631.587 ನೀರಾವರಿ, 954.87 ಕರ್ನಾಟಕದ ಇತಿಹಾಸ. ಕೆರೆಯ ಪುಸ್ತಕ ಎರಡರಲ್ಲಿ ಯಾವ ಕಪಾಟಿನಲ್ಲೂ ಇರಬಹುದು, ಎರಡನ್ನೂ ನೋಡಿ ಬನ್ನಿ.