ಕುಲಾವಿ, ಕುಂಚಿಗೆ, ಒಳಲೆ, ಹಾಳೆ: ಮಗುವಿನ ಸಾಮಾನಿಗೆ ನಿಮ್ಮ ಕಡೆ ಏನಂತೀರಿ?

ಮೈಸೂರು ಸೊಸೆ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಗಂಡ ಧಾರವಾಡದವರು, ಇರುವುದು ಬೆಂಗಳೂರಿನಲ್ಲಿ. ಮುಂದಿನ ತಿಂಗಳು ಹೆರಿಗೆ. ಊರಿನಿಂದ ಏನೇನು ಕಳಿಸಬೇಕು ಅಂತ ಅಮ್ಮನೂ ಅತ್ತೆಯೂ ಫೋನಿನಲ್ಲಿ ಪಟ್ಟಿ ಬರೆಸುತ್ತಿದ್ದಾರೆ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ ಯಾವುದು ಎರಡು ಸಲ ಬಂದಿದೆ, ಯಾವುದು ಬಿಟ್ಟುಹೋಗಿದೆ ಅಂತಲೇ ತಿಳಿಯುತ್ತಿಲ್ಲ. ಅಮ್ಮ ಒಳಲೆ, ಕುಲಾವಿ, ಜೋಲಿ, ದುಪ್ಪಟಿ ಅನ್ನುತ್ತಾರೆ. ಅತ್ತೆ ಕುಂಚಿಗಿ, ಗಿಲಗಂಚಿ, ಕೌದಿ, ಝಬಲಾ ಅನ್ನುತ್ತಾರೆ. ಕುಲಾವಿ, ಕುಂಚಿಗಿ ಎರಡೂ ಒಂದೇನಾ? ಒಂದೇ ಆದರೆ ಎರಡು ಕಡೆಯಿಂದ ಯಾಕೆ ತರಿಸಬೇಕು? ಗಂಡನನ್ನು ಕೇಳಿದರೆ "ಎರಡೂ ಟೋಪಿನೇ" ಅಂತ ಹೇಳಿ ಮಾತು ಮುಗಿಸುತ್ತಾರೆ.

ಇನ್ನೊಂದು ವಿಷಯ. ಅಂಗಡಿಯಿಂದ ತಂದ ಹೊಸ ಸಾಮಾನಿಗೆ ಹಿರಿಯರ ಹತ್ತಿರ ಏನು ಹೇಳುತ್ತೀರಿ? ಮಗುನ ಕ್ಯಾರಿಯರ್‌ನಲ್ಲಿ ಹಾಕಿಕೊಂಡು ಓಡಾಡಬಹುದು ಅಂತ ನಮ್ಮಜ್ಜಿಗೆ ಹೇಳಿದೆ. "ಊಟದ ಕ್ಯಾರಿಯರ್‌ನಲ್ಲಾ?" ಅಂದರು. ಸ್ಟ್ರಾಲರ್‌ಗೆ ತಳ್ಳುಗಾಡಿ ಅಂದರೆ ಸೊಪ್ಪು ಮಾರುವವನು ನೆನಪಾಗುತ್ತಾನೆ. ನಿಘಂಟಿನ ಪದ ಬೇಡ, ನಿಮ್ಮ ಮನೆಯಲ್ಲಿ ದಿನಾ ಆಡುವ ಮಾತು ಹೇಳಿ.

ಹುಬ್ಬಳ್ಳಿ ಮಂದಿ:

ಅಕ್ಕಾರ, ಕುಲಾವಿ ಬೇರೆ, ಕುಂಚಿಗಿ ಬೇರೆ. ನಿಮ್ಮ ಯಜಮಾನರಿಗೆ ಧಾರವಾಡದವರು ಅಂತ ಹೇಳಿಕೊಳ್ಳೋಕೆ ಹಕ್ಕಿಲ್ಲ ಬಿಡಿ!

ಕುಲಾವಿ ಅಂದರೆ ತಲೆಗೆ ಮಾತ್ರ, ಕಿವಿ ಮುಚ್ಚುವ ಹಾಗೆ ಇದ್ದು ಗದ್ದದ ಕೆಳಗೆ ಲಾಡಿ ಕಟ್ಟುವುದು. ಕುಂಚಿಗೆಗೆ ಹಿಂದುಗಡೆ ಬಟ್ಟೆ ಉದ್ದಕ್ಕೆ ಇಳಿಬಿದ್ದಿರುತ್ತದೆ. ತಲೆ, ಕುತ್ತಿಗೆ, ಬೆನ್ನು ಎಲ್ಲ ಮುಚ್ಚಿಬಿಡುತ್ತದೆ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಸಂಜೆ ಹೊರಗೆ ಹೋದರೆ ಬೇರೆ ಶಾಲು ಬೇಕಾಗುವುದಿಲ್ಲ. ಹಳೇ ಕಾಲದಲ್ಲಿ ಇಳಕಲ್ ಸೀರೆ, ಕುಪ್ಪಸದ ಖಣದ ಹಾಗೆ ಕುಂಚಿಗೆಯ ಮೇಲೂ ಕಸೂತಿ ಹಾಕುತ್ತಿದ್ದರು. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಎಳೆ ಎಣಿಸಿಕೊಂಡೇ ಹೊಲಿಯಬೇಕು. ಗವಂತಿ ಹೊಲಿಗೆ ಆದರೆ ಒಳಗೂ ಹೊರಗೂ ಒಂದೇ ಥರ ಕಾಣುತ್ತದೆ, ಹಾಗಾಗಿ ಮಗುವಿನ ತಲೆಗೆ ಒರಟು ದಾರ ಚುಚ್ಚುವುದಿಲ್ಲ. ನಿಮ್ಮ ಅತ್ತೆಯವರ ಹತ್ತಿರ ಅಂಥ ಹಳೇದು ಇದ್ದರೆ ದಯವಿಟ್ಟು ವಾಷಿಂಗ್ ಮಷಿನ್‌ಗೆ ಹಾಕಬೇಡಿ.

ಗಿಲಗಂಚಿ ಅಂದರೆ ನಿಮ್ಮ ಗಿಲಕಿ, ಅಲ್ಲಾಡಿಸಿದರೆ ಸದ್ದು ಮಾಡುವ ಆಟಿಕೆ. ಝಬಲಾ ಅಂದರೆ ಮಗುವಿನ ಸಡಿಲ ಅಂಗಿ, ಮರಾಠಿ ಕಡೆಯಿಂದ ಬಂದದ್ದು. ಕೌದಿ ಗೊತ್ತೇ ಇರಬೇಕಲ್ಲ, ಹಳೇ ಸೀರೆ, ಧೋತರ ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದದ್ದು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನ ಹೊಲಿಯುವುದಕ್ಕೆ ಕವಂದಿ ಅನ್ನುತ್ತಾರೆ. ಮಗುವಿಗೆ ಅಂತಲೇ ಸಣ್ಣ ಅಳತೆಯದನ್ನೂ ಮಾಡುತ್ತಾರೆ.

ತೊಟ್ಟಿಲು ಇನ್ನೂ ತಗೊಂಡಿಲ್ಲ ಅಂದರೆ ಒಮ್ಮೆ ಕಲಘಟಗಿಗೆ ಹೋಗಿ ಬನ್ನಿ. ತೇಗದ ಮರ, ಅರಗಿನ ಬಣ್ಣ, ಸುತ್ತಲೂ ರಾಮಾಯಣದ್ದೋ ಕೃಷ್ಣನದ್ದೋ ಚಿತ್ರ. ಬೆಲೆ ಜಾಸ್ತಿನೇ. ಆದರೆ ನಮ್ಮ ಕಡೆ ಅದನ್ನು ಒಂದು ಮಗುವಿಗೆ ಅಂತ ಯಾರೂ ಕೊಳ್ಳುವುದಿಲ್ಲ. ಅಣ್ಣನ ಮನೆಯಿಂದ ತಂಗಿ ಮನೆಗೆ, ಅಲ್ಲಿಂದ ಇನ್ನೊಬ್ಬರ ಮನೆಗೆ ತಿರುಗುತ್ತಲೇ ಇರುತ್ತದೆ.

ಕಡಲತಡಿ:

ನಮ್ಮ ಕಡೆಯದನ್ನು ಯಾರೂ ಹೇಳಲಿಲ್ಲವಲ್ಲ, ನಾನೇ ಹೇಳುತ್ತೇನೆ. ನಾನು ಪುತ್ತೂರಿನವನು. ನಮ್ಮಲ್ಲಿ ಮಗುವಿನ ಮುಖ್ಯ ಸಾಮಾನು ಹಾಳೆ. ಮೈಸೂರಿನವರಿಗೆ ಹಾಳೆ ಅಂದರೆ ಪುಸ್ತಕದ್ದು, ನಮಗೆ ಅಡಿಕೆಯದ್ದು, ಗರಿಯ ಬುಡದಲ್ಲಿರುವ ಅಗಲವಾದ ಪೊರೆ. ತುಳುವಿನಲ್ಲಿ ಪಾಳೆ. ತೋಟದಲ್ಲಿ ಆಗ ತಾನೇ ಬಿದ್ದದ್ದನ್ನು ಆರಿಸಿ ತಂದು, ಗರಿ ಕತ್ತರಿಸಿ, ತೊಳೆದು ಬಚ್ಚಲಿನಲ್ಲಿ ಹಾಸುತ್ತಾರೆ. ಒಳಮೈ ರೇಷ್ಮೆ ಥರ ನುಣುಪು, ಎರಡೂ ಅಂಚು ತಾನಾಗಿ ಮೇಲಕ್ಕೆ ಬಾಗಿರುತ್ತದೆ. ಮೈಗೆಲ್ಲ ಎಣ್ಣೆ ಹಚ್ಚಿದ ಮಗು ಕೈಯಿಂದ ಎಷ್ಟು ಜಾರುತ್ತದೆ ಅಂತ ಮೀಯಿಸಿದವರಿಗೇ ಗೊತ್ತು. ಹಾಳೆಯ ಮೇಲೆ ಮಲಗಿಸಿದರೆ ಆ ಕಡೆ ಈ ಕಡೆ ಉರುಳುವುದಿಲ್ಲ. ನೀರು ಕಾಲಿನ ಕಡೆಯಿಂದ ಹರಿದುಹೋಗುತ್ತದೆ. ಒಣಗಿ ಬಿರುಕು ಬಿಟ್ಟರೆ ಒಲೆಗೆ, ನಾಳೆಗೆ ಇನ್ನೊಂದು. ಅಂಗಡಿಯ ಬೇಬಿ ಬಾತ್ ಟಬ್ಬು ನಮ್ಮ ಮನೆಗೂ ಬಂದಿತ್ತು, ಈಗ ಅದರಲ್ಲಿ ಕೊತ್ತಂಬರಿ ಬೆಳೆಯುತ್ತಿದೆ.

ಉಡಿದಾರಕ್ಕೆ ನಾವು ನೇವಳ ಅನ್ನುತ್ತೇವೆ. ಮೊರಕ್ಕೆ ಗೆರಸೆ, ತುಳುವಿನಲ್ಲಿ ತಡ್ಪೆ. ಪೊರಕೆಗೆ ಹಿಡಿಸೂಡಿ, ನಿಮ್ಮ ಅತ್ತೆಯವರಿಗೆ ಅದು ಕಸಬರಗಿ. ಬಿಂದಿಗೆಗೆ ಕೊಡಪಾನ. ಮನೆಗೆ ಬೇರೆ ಊರಿನ ಸೊಸೆ ಬಂದಾಗ ಜಾಸ್ತಿ ಎಡವಟ್ಟಾಗುವುದು ಬಟ್ಟಲಿನಿಂದ. ನಿಮಗೆ ಬಟ್ಟಲು ಅಂದರೆ ಪಾಯಸ ಹಾಕಿಕೊಳ್ಳುವ ಸಣ್ಣದು ಅಲ್ವಾ, ನಮಗೆ ಊಟದ ತಟ್ಟೆಯೇ ಬಟ್ಟಲು. "ಎಲ್ಲರಿಗೂ ಬಟ್ಟಲು ಇಡು" ಅಂದರೆ ಅತ್ತಿಗೆ ಸಣ್ಣ ಸಣ್ಣ ಕಪ್ಪು ಸಾಲಾಗಿ ಇಟ್ಟಿದ್ದರು.

ಹುಬ್ಬಳ್ಳಿ ಮಂದಿ:

ಅದೇ ನಮ್ಮಲ್ಲಿ ತಾಟು. ದೊಡ್ಡದಿದ್ದರೆ ಗಂಗಾಳ. ಮತ್ತೆ ಚೊಂಬಿಗೆ ತಂಬಿಗಿ ಅಂತಲೂ ಚರಗಿ ಅಂತಲೂ ಅನ್ನುತ್ತೇವೆ. ಆದರೆ ಬೆಳಗಾಗೆದ್ದು ಯಾರಾದರೂ ಚರಗಿ ಹಿಡಿದುಕೊಂಡು ಹೊರಟರೆ ಎಲ್ಲಿಗೆ ಅಂತ ಕೇಳಬಾರದು!

ವಾರ್ಡ್ ಸಿಸ್ಟರ್:

ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಮಗುವಿಗೆ ಹಾಲು ಕುಡಿಸುವ ಒಳಲೆ ಬಗ್ಗೆ ಸ್ವಲ್ಪ. ನಿಮ್ಮ ತಾಯಿಯವರ ಪಟ್ಟಿಯಲ್ಲಿ ಅದಿರುವುದು ನೋಡಿ ಖುಷಿಯಾಯಿತು. ಆಸ್ಪತ್ರೆಯಲ್ಲಿ ಅದನ್ನೇ ನಾವು ಪಾಲಡೈ ಅನ್ನುತ್ತೇವೆ, ತಮಿಳಿನಿಂದ ಬಂದ ಹೆಸರು, ಬೇರೆ ರಾಜ್ಯದ ಡಾಕ್ಟರುಗಳೂ ಹಾಗೇ ಹೇಳುತ್ತಾರೆ. ತೂಕ ಕಡಿಮೆ ಇರುವ, ಎಳೆದು ಕುಡಿಯೋಕೆ ಶಕ್ತಿ ಸಾಲದ ಮಗುವಿಗೆ ತಾಯಿ ಹಾಲು ಹಿಂಡಿ ಇದರಲ್ಲೇ ಕೊಡುತ್ತೇವೆ. ಅಮ್ಮಂದಿರಿಗೆ "ಪಾಲಡೈ ತನ್ನಿ" ಅಂದರೆ ಗಾಬರಿಯಾಗಿ ಮೆಡಿಕಲ್ ಶಾಪಿಗೆ ಓಡುತ್ತಾರೆ. "ಒಳಲೆ" ಅಂದರೆ ಜೊತೆಗಿರುವ ಅಜ್ಜಿ ಚೀಲದಿಂದಲೇ ತೆಗೆದುಕೊಡುತ್ತಾರೆ.

ಮೂತಿ ಇರುವ ಚಿಕ್ಕ ಬಟ್ಟಲು ಅಷ್ಟೇ ಅದು. (ಬಟ್ಟಲು ಅಂದೆ, ಪುತ್ತೂರಿನವರು ಕ್ಷಮಿಸಿ.) ಮಗುವನ್ನು ತಲೆ ಎತ್ತರ ಇರುವ ಹಾಗೆ ಹಿಡಿದು, ಮೂತಿಯನ್ನು ಬಾಯಿಯ ಅಂಚಿಗೆ ತಾಗಿಸಿ, ಸ್ವಲ್ಪ ಸ್ವಲ್ಪವೇ ಬಿಡಬೇಕು, ನುಂಗಿದ ಮೇಲೆ ಮುಂದಿನ ಗುಟುಕು. ಮಲಗಿಸಿಕೊಂಡು ಸುರಿಯಬಾರದು, ಅಳುವಾಗ ಅಂತೂ ಬೇಡವೇ ಬೇಡ. ಬಾಟಲಿಗಿಂತ ಇದು ಒಳ್ಳೆಯದು ಅನ್ನುವುದಕ್ಕೆ ಕಾರಣ ತೊಳೆಯುವುದು ಸುಲಭ. ನಿಪ್ಪಲ್ಲಿನ ಸಂದಿಯಲ್ಲಿ ಹಾಲು ಕೂತು ಹುಳಿಯಾಗುತ್ತದೆ, ಇದರಲ್ಲಿ ಸಂದಿಯೇ ಇಲ್ಲ. ಸ್ಟೀಲಿನದೋ ಬೆಳ್ಳಿಯದೋ ಇದ್ದರೆ ಪ್ರತಿ ಸಲ ತೊಳೆದು ಕುದಿಯುವ ನೀರಿಗೆ ಹಾಕಿ ತೆಗೆಯಿರಿ. ಹಾಲಿನ ಬಾಟಲಿಯ ಜಾಹೀರಾತು ನಮ್ಮ ದೇಶದಲ್ಲಿ ಯಾಕೆ ಕಾಣುವುದಿಲ್ಲ ಅಂತ ಯೋಚಿಸಿದ್ದೀರಾ? 1992ರ ಕಾನೂನೇ ಅದನ್ನು ನಿಷೇಧಿಸಿದೆ.

ಹಾಸಿಗೆ ಮೇಲೆ ಹಾಕುವ ರಬ್ಬರ್ ಶೀಟನ್ನು ಆಸ್ಪತ್ರೆಯಲ್ಲಿ ಮೆಕಿಂಟಾಷ್ ಅನ್ನುತ್ತೇವೆ. ರಬ್ಬರ್ ಹಚ್ಚಿದ ಬಟ್ಟೆ ಮಾಡಿದ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಅವರ ಹೆಸರದು. ಅಂಗಡಿಯಲ್ಲಿ ಮಾತ್ರ ರಬ್ಬರ್ ಶೀಟು ಅಂತಲೇ ಕೇಳಿ. ಡೈಪರ್‌ಗೆ ಯಾವ ಕಂಪನಿಯದಾದರೂ ನಮ್ಮ ವಾರ್ಡಿನಲ್ಲಿ ಎಲ್ಲರೂ ಪ್ಯಾಂಪರ್ಸ್ ಅನ್ನುತ್ತಾರೆ.

ಟೊರಾಂಟೊ ಕನ್ನಡಿಗ:

ಹೊಸ ಸಾಮಾನಿನ ಹೆಸರಿನ ಗೊಂದಲ ನಿಮಗೆ ಮಾತ್ರ ಅಲ್ಲ. ಇಲ್ಲಿ ಸ್ಟ್ರಾಲರ್ ಅನ್ನುವುದನ್ನು ಲಂಡನ್ನಿನಲ್ಲಿರುವ ನಮ್ಮಕ್ಕ ಪುಶ್‌ಚೇರ್ ಅನ್ನುತ್ತಾಳೆ, ಇಲ್ಲಿಯ ಡೈಪರ್ ಅವಳಿಗೆ ನ್ಯಾಪಿ, ಇಲ್ಲಿಯ ಕ್ರಿಬ್ ಅವಳಿಗೆ ಕಾಟ್. ಬೆಂಗಳೂರಿನ ಅಪ್ಪನಿಗೆ ಕಾಟ್ ಅಂದರೆ ದೊಡ್ಡವರು ಮಲಗುವ ಮಂಚ. ಅಕ್ಕ "ಮಗುಗೆ ಕಾಟ್ ತಗೊಂಡ್ವಿ" ಅಂದಾಗ ಅಪ್ಪ "ಇಷ್ಟು ಬೇಗನಾ, ಬಿದ್ದುಬಿಡಲ್ವಾ?" ಅಂದಿದ್ದರು. ನಮ್ಮ ಮನೆಯಲ್ಲಿ ಸ್ಟ್ರಾಲರ್‌ಗೆ ಅಮ್ಮ ಇಟ್ಟ ಹೆಸರು "ಮಗು ಗಾಡಿ", ಕಾರ್ ಸೀಟಿಗೆ "ಬುಟ್ಟಿ", ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ಗೆ "ಜೋಳಿಗೆ". ಈಗ ನಾವೂ ಹಾಗೇ ಅನ್ನುತ್ತೇವೆ.

ಹೆಸರು ಬಿಟ್ಟು ಒಂದು ಮಾತು. ಕೂರಿಸಿ ಓಡಾಡಿಸುವ ಚಕ್ರದ ವಾಕರ್ ಯಾರಾದರೂ ಉಡುಗೊರೆ ಕೊಟ್ಟರೆ ಬಳಸಬೇಡಿ. ಮೆಟ್ಟಿಲಿನಿಂದ ಉರುಳುತ್ತವೆ ಅಂತ ಕೆನಡಾದಲ್ಲಿ 2004ರಲ್ಲೇ ಅದನ್ನು ಮಾರುವುದನ್ನು ನಿಷೇಧಿಸಿದ್ದಾರೆ. ಹಿಡಿದುಕೊಂಡು ತಳ್ಳುತ್ತಾ ನಡೆಯುವ ನಮ್ಮ ಮರದ ಮೂರು ಚಕ್ರದ ಗಾಡಿ ಬೇರೆ. ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ.

ಪದದ ಹುಚ್ಚು:

ಸ್ಟ್ರಾಲರ್‌ಗೆ ಶಿಶುರಥ, ಡೈಪರ್‌ಗೆ ಹೀರುವಸ್ತ್ರ ಅಂತ ಮಾಡಿದರೆ ಹೇಗೆ? ನಾವೇ ಬಳಸದಿದ್ದರೆ ಕನ್ನಡ ಬೆಳೆಯುವುದು ಹೇಗೆ?

ಕಡಲತಡಿ:

ರಾತ್ರಿ ಎರಡು ಗಂಟೆಗೆ ಮಗು ಅಳುತ್ತಿರುವಾಗ ಗಂಡನಿಗೆ "ಹೀರುವಸ್ತ್ರ ಕೊಡ್ರೀ" ಅಂತ ಯಾವ ಹೆಂಡತಿ ಕೂಗುತ್ತಾಳೆ ಸ್ವಾಮಿ? ಟೊರಾಂಟೊದವರ ತಾಯಿ ಮಾಡಿದ್ದೇ ಸರಿ. ಬುಟ್ಟಿ, ಜೋಳಿಗೆ, ಗಾಡಿ ಎಲ್ಲ ನಮ್ಮವೇ ಅಲ್ವಾ, ಸುಮ್ನೆ ರಥ ಯಾಕೆ ಎಳೆಸುತ್ತೀರಿ?

ಮೈಸೂರು ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಫೋನ್ ಮಾಡಿ ಕುಂಚಿಗಿ ಕೇಳಿದೆ. ಅವರ ಅತ್ತೆ ಹೊಲಿದದ್ದು ಟ್ರಂಕಿನಲ್ಲಿದೆಯಂತೆ, ನನ್ನ ಗಂಡನೂ ಅದನ್ನೇ ಹಾಕಿಕೊಂಡು ಬೆಳೆದವರಂತೆ. ಈಗ ಅವರ ಬಾಯಿ ಬಂದ್ ಆಗಿದೆ. ಕುಲಾವಿ ಅಮ್ಮನ ಕಡೆಯಿಂದ, ಕುಂಚಿಗಿ ಅತ್ತೆ ಕಡೆಯಿಂದ, ಎರಡೂ ಬರಲಿ. ಸಿಸ್ಟರ್, ಅಮ್ಮನ ಒಳಲೆ ಹಿತ್ತಾಳೆಯದು, ತುಂಬಾ ಹಳೇದು, ಒಳಗಡೆ ಕಲಾಯಿ ಹೋಗಿದೆ. ಅದನ್ನೇ ಬಳಸಬಹುದಾ?

ವಾರ್ಡ್ ಸಿಸ್ಟರ್:

ಬೇಡಮ್ಮ, ಅದನ್ನು ನೆನಪಿಗೆ ಇಟ್ಟುಕೊಳ್ಳಿ. ಹಾಲಿಗೆ ಸ್ಟೀಲಿನದೇ ತಗೊಳ್ಳಿ, ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಮೂತಿಯ ಅಂಚಿಗೆ ಬೆರಳು ಆಡಿಸಿ ನೋಡಿ, ಚೂಪಾಗಿದ್ದರೆ ಬೇರೆ ಕೊಡಿ ಅನ್ನಿ.

ಕಡಲತಡಿ:

ಹಾಳೆ ಬೇಕಾದರೂ ಹೇಳಿ ಅಕ್ಕ. ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿ ಇರುತ್ತದೆ.