ಫ್ರಾನ್ಸ್‌ನ ಸರ್ಕಾರಿ ಉಪ್ಪಿನ ಕಾರ್ಖಾನೆ ಅರ್ಧಚಂದ್ರದ ಹಾಗೆ ಯಾಕಿದೆ?

ಜಾಲಹಳ್ಳಿ_ಕ್ರಾಸ್: ಎಲ್ಲರಿಗೂ ನಮಸ್ಕಾರ. ಇಲ್ಲೇ ಬೆಂಗಳೂರಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಸೆಮಿನಾರ್‌ಗೆ ಆರ್ಕ್-ಎ-ಸೆನಾನ್ ಉಪ್ಪಿನ ಕಾರ್ಖಾನೆ ಆರಿಸಿಕೊಂಡಿದ್ದೇನೆ, ಕ್ಲಾಡ್ ನಿಕೋಲಾ ಲೆದೂ 1775ರಿಂದ 1779ರ ನಡುವೆ ರಾಜನಿಗಾಗಿ ಕಟ್ಟಿದ್ದು. ನಮ್ಮ ಕಡೆ ಸರ್ಕಾರಿ ಕಾರ್ಖಾನೆ ಅಂದರೆ ಗರಗಸದ ಹಲ್ಲಿನಂಥ ಚಾವಣಿ, ಉದ್ದ ಕಾಂಪೌಂಡ್, ಮುಗೀತು. ಇದು ನೋಡಿದರೆ ಅರಮನೆ! ಈ ಅರ್ಧಚಂದ್ರದಿಂದ ಉಪ್ಪು ಕಾಯಿಸುವ ಕೆಲಸಕ್ಕೆ ಏನಾದರೂ ಉಪಯೋಗ ಇತ್ತಾ, ಇಲ್ಲಾ ಸುಮ್ನೆ ಶೋಕಿನಾ?

ಬಾಯ್ಲರ್_ರಾಯರು: ಆಕಾರಕ್ಕಿಂತ ಮೊದಲು ಜಾಗ ನೋಡಪ್ಪ. ಉಪ್ಪುನೀರಿನ ಊಟೆ ಇದ್ದದ್ದು ಸಲ್ಯಾಂ ಊರಲ್ಲಿ, ಅಲ್ಲಿ ಶತಮಾನಗಳಿಂದ ಕಾಯಿಸಿ ಕಾಯಿಸಿ ಸುತ್ತಮುತ್ತ ಸೌದೆಗೆ ಬರ ಬಂದಿತ್ತು. ಕಾಡನ್ನು ಹೊತ್ತು ತರುವುದಕ್ಕಿಂತ ನೀರನ್ನು ಹರಿಸುವುದು ಸಲೀಸು ಅಲ್ವಾ? ಅದಕ್ಕೇ 'ಶೋ' ಅನ್ನೋ ಕಾಡಿನ ಪಕ್ಕ ಕಾರ್ಖಾನೆ ಕಟ್ಟಿ, ಮರದ ದಿಮ್ಮಿ ಕೊರೆದು ಮಾಡಿದ ಪೈಪಿನಲ್ಲಿ ಸುಮಾರು 21 ಕಿ.ಮೀ. ದೂರದಿಂದ ಉಪ್ಪುನೀರು ತಂದರು. ದಾರಿಯುದ್ದಕ್ಕೂ ಕಾವಲು ಬೇರೆ, ಕಳ್ಳರು ಪೈಪಿಗೇ ಕನ್ನ ಹಾಕುತ್ತಿದ್ದರು. ಬಂದ ನೀರಲ್ಲಿ ಉಪ್ಪು ಕಡಿಮೆ. ನೇರ ಒಲೆಗೆ ಇಟ್ಟರೆ ಸೌದೆ ದಂಡ. ಹಾಗಾಗಿ ಹೆಚ್ಚುಕಮ್ಮಿ ಅರ್ಧ ಕಿ.ಮೀ. ಉದ್ದದ ಮರದ ಕಟ್ಟಡದಲ್ಲಿ ಮೇಲಿಂದ ಹನಿಹನಿಯಾಗಿ ಇಳಿಸಿ, ಗಾಳಿಗೆ ನೀರು ಆರಿ ಗಟ್ಟಿಯಾದ ಮೇಲೆ ಅಗಲವಾದ ಕಬ್ಬಿಣದ ಬಾಣಲೆಗಳಲ್ಲಿ ಕಾಯಿಸುತ್ತಿದ್ದರು. ನನ್ನ ಪ್ರಕಾರ ನಿಜವಾದ ಎಂಜಿನಿಯರಿಂಗ್ ಇದೇ, ಆದರೆ ಫೋಟೋದಲ್ಲಿ ಕಾಣುವುದೇ ಇಲ್ಲ, ಯಾಕಂದರೆ ಆ ಉದ್ದನೆಯ ಕಟ್ಟಡ ಈಗ ಇಲ್ಲ.

ಮಲ್ಲೇಶ್ವರಂ_18ನೇ_ಕ್ರಾಸ್: ರಾಯರು ಹೇಳಿದ್ದು ಸರಿ, ಆದರೆ ಆಕಾರದ ಪ್ರಶ್ನೆ ಹಾಗೇ ಉಳೀತಲ್ಲ. ಲೆದೂ ಮೊದಲು ಬರೆದ ಪ್ಲಾನ್ ಚೌಕ, ಎಲ್ಲಾ ಕಟ್ಟಡ ಒಂದಕ್ಕೊಂದು ಅಂಟಿಕೊಂಡಿದ್ದವು. ಅದು ಪಾಸಾಗಲಿಲ್ಲ. ಎರಡನೇ ಪ್ಲಾನಿನಲ್ಲಿ ಕಟ್ಟಡಗಳನ್ನು ಬಿಡಿಬಿಡಿ ಮಾಡಿ ಅರ್ಧಚಂದ್ರದಂತೆ ಜೋಡಿಸಿದ. ಹಗಲು ರಾತ್ರಿ ಒಲೆ ಉರಿಯುವ ಕಡೆ ಬೆಂಕಿ ಹಬ್ಬದಂತೆ ತಡೆಯಲು, ಗಾಳಿ ಆಡಲು ಇದೇ ವಾಸಿ. ಇನ್ನು ನಡುಮಧ್ಯೆ ಡೈರೆಕ್ಟರ್ ಮನೆ, ಅದರ ಎರಡೂ ಪಕ್ಕ ಉಪ್ಪು ಕಾಯಿಸುವ ಶೆಡ್ಡು, ಎದುರಿನ ಬಾಗಿದ ಸಾಲಿನಲ್ಲಿ ಗೇಟು ಮತ್ತು ಕೆಲಸಗಾರರ ಕ್ವಾರ್ಟರ್ಸ್. ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಎಲ್ಲಾ ಸಾಹೇಬರ ಕಣ್ಣಿಗೆ. ಆಗ ಉಪ್ಪಿನ ಮೇಲೆ 'ಗಾಬೆಲ್' ಅನ್ನೋ ಭಾರೀ ತೆರಿಗೆ, ಒಂದು ಮೂಟೆ ಕದ್ದರೂ ರಾಜನ ಖಜಾನೆಗೇ ಕೈ ಹಾಕಿದ ಹಾಗೆ. ಶೋಕಿಯೂ ಇತ್ತು ಅನ್ನಿ, ಡೈರೆಕ್ಟರ್ ಮನೆಯ ಕಂಬಗಳನ್ನು ನೋಡಿ, ಒಂದು ಸುತ್ತು ದುಂಡು, ಒಂದು ಸುತ್ತು ಚೌಕ. ಅದರಿಂದ ಉಪ್ಪೇನೂ ಜಾಸ್ತಿ ಬರಲ್ಲ!

ಜಾಲಹಳ್ಳಿ_ಕ್ರಾಸ್: ಥ್ಯಾಂಕ್ಸ್ ಸರ್, ಚೌಕದ ಪ್ಲಾನ್ ವಿಷಯ ಗೊತ್ತೇ ಇರಲಿಲ್ಲ. ಹೋಲಿಸಲು ಇನ್ನೊಂದು ಸರ್ಕಾರಿ ಕಾರ್ಖಾನೆ ಬೇಕಿತ್ತು.

ಬಾಯ್ಲರ್_ರಾಯರು: ತಂಬಾಕು ತಗೋ. 1810ರಲ್ಲಿ ನೆಪೋಲಿಯನ್ ತಂಬಾಕನ್ನು ಸರ್ಕಾರದ ಏಕಸ್ವಾಮ್ಯ ಮಾಡಿದ. ಆಮೇಲೆ 'ಎಕೋಲ್ ಪಾಲಿಟೆಕ್ನಿಕ್' ಅನ್ನೋ ಫ್ರಾನ್ಸ್‌ನ ಹೆಸರಾಂತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಎಂಜಿನಿಯರುಗಳೇ ಆ ಕಾರ್ಖಾನೆಗಳನ್ನು ನಡೆಸಿದರು. ಅವರಲ್ಲಿ ಯೂಜೀನ್ ರೋಲಾಂ ಎಂಬಾತ ತಂಬಾಕು ಹುರಿಯಲು ತಿರುಗುವ ಯಂತ್ರ ಮಾಡಿದ. ಲಿಯೋನ್ ಮತ್ತು ತುಲೂಸ್‌ನ ತಂಬಾಕು ಕಾರ್ಖಾನೆಗಳಲ್ಲಿ ಈಗ ಯೂನಿವರ್ಸಿಟಿ ಇದೆ, ಪ್ಲಾನ್ ಸುಲಭವಾಗಿ ಸಿಗುತ್ತದೆ. ಸೆಕ್ಷನ್ ಡ್ರಾಯಿಂಗ್ ಸಿಕ್ಕಿದರೆ ಇಲ್ಲಿ ಹಾಕು, ನಾನೂ ನೋಡಬೇಕು.