ಪುಟ್ಟನ ಆಪರೇಷನ್ ಮತ್ತು ತಾಮ್ರದ ಹಂಡೆ

ದೊಡ್ಡಮಾವ ಆ ಫಾರ್ವರ್ಡನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದು ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ. ಆಗ ನಾನು ಶಿವಮೊಗ್ಗದ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿದ್ದೆ. ತೊಡೆಯ ಮೇಲೆ ಎರಡು ವರ್ಷ ಮೂರು ತಿಂಗಳ ಪುಟ್ಟ. ಎದುರು ಬೆಂಚಿನ ಹುಡುಗ ತಿನ್ನುತ್ತಿದ್ದ ಬಿಸ್ಕತ್ತು ಇವನ ಕಣ್ಣಿಗೆ ಬೀಳದ ಹಾಗೆ ಗೋಡೆ ಕಡೆ ತಿರುಗಿ ಕುಳಿತಿದ್ದೆ.

ಫಾರ್ವರ್ಡ್ ಹೀಗಿತ್ತು: "ಎಚ್ಚರ! ಎಚ್ಚರ! 3 ವರ್ಷದೊಳಗಿನ ಮಕ್ಕಳಿಗೆ ಅರಿವಳಿಕೆ ಕೊಟ್ಟರೆ ಮಿದುಳು ಬೆಳೆಯುವುದಿಲ್ಲ. ಅಮೆರಿಕದಲ್ಲಿ ನಿಷೇಧ. ನಮ್ಮಲ್ಲಿ ದುಡ್ಡಿಗಾಗಿ ಮುಚ್ಚಿಡುತ್ತಾರೆ. ನಿಮ್ಮ ಮಗುವಿನ ಮೇಲೆ ಪ್ರೀತಿ ಇದ್ದರೆ 10 ಗುಂಪಿಗೆ ಕಳಿಸಿ." ಕೆಳಗೆ ಒಂದು ಮಗುವಿನ ತಲೆಯ ಚಿತ್ರ, ಒಳಗೆ ಕೆಂಪು ಬಣ್ಣ.

ಅದಕ್ಕೂ ಮೇಲೆ, ಹಿಂದಿನ ರಾತ್ರಿಯದ್ದು, ನಮ್ಮ ಅತ್ತೆಯ ಸಂದೇಶ: "ನಾಳೆ ಪುಟ್ಟನಿಗೆ ಚಿಕ್ಕ ಆಪರೇಷನ್. ಎಲ್ಲರೂ ದೇವರಲ್ಲಿ ಬೇಡಿಕೊಳ್ಳಿ." ಅದಕ್ಕೆ ಇಪ್ಪತ್ತಾರು ಕೈಮುಗಿದ ಚಿತ್ರ ಬಂದಿದ್ದವು. ನಲವತ್ತಮೂರು ಜನರ ಗುಂಪು. ಉಳಿದ ಹದಿನೇಳು ಜನ ಯಾರು ಅಂತ ಅತ್ತೆಗೆ ಈಗಲೂ ಬಾಯಿಪಾಠ.

ಪುಟ್ಟನಿಗೆ ಹರ್ನಿಯಾ. ಸ್ನಾನ ಮಾಡಿಸುವಾಗ ಕಂಡಿದ್ದು. ಜೋರಾಗಿ ಅತ್ತರೆ ಬಲಗಡೆ ತೊಡೆಸಂದಿಯಲ್ಲಿ ಅಡಿಕೆಕಾಯಿ ಗಾತ್ರದ ಉಬ್ಬು. ಮಲಗಿದರೆ ಮಾಯ. ಗಂಡುಮಗು ಹುಟ್ಟುವ ಮೊದಲು ಬೀಜ ಹೊಟ್ಟೆಯೊಳಗಿಂದ ಕೆಳಗಿಳಿಯುವಾಗ ಒಂದು ದಾರಿ ಮಾಡಿಕೊಳ್ಳುತ್ತದಂತೆ. ಆಮೇಲೆ ಆ ದಾರಿ ಮುಚ್ಚಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ, ಕರುಳು ಅಲ್ಲಿ ಇಣುಕುತ್ತದೆ. "ತಾನಾಗಿಯೇ ವಾಸಿಯಾಗಲ್ಲ. ಕರುಳು ಸಿಕ್ಕಿಹಾಕಿಕೊಂಡು ಉಬ್ಬು ಗಟ್ಟಿಯಾಗಿ ಮಗು ವಾಂತಿ ಶುರು ಮಾಡಿದರೆ ಅರ್ಧರಾತ್ರಿ ಓಡಿಬರಬೇಕಾಗುತ್ತೆ, ಅದಕ್ಕೆ ಮೊದಲೇ ಮಾಡೋಣ" ಅಂದರು ಸರ್ಜನ್. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದಲೂ ಒಳಗೆ. ಮಳೆಗಾಲದ ಅರ್ಧರಾತ್ರಿ, ದಾರಿಗೆ ಮರ ಬಿದ್ದಿರುವುದು, ಎಲ್ಲ ಕಣ್ಮುಂದೆ ಬಂತು. ಒಪ್ಪಿಕೊಂಡೆವು.

ರಾತ್ರಿ 2 ಗಂಟೆಗೆ ಎಬ್ಬಿಸಿ ಹಾಲು ಕುಡಿಸಿದ್ದೆ. ಆಮೇಲೆ ಏನೂ ಇಲ್ಲ. ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ನೀರು ಮಾತ್ರ ಎರಡು ಗಂಟೆ ಮೊದಲಿನವರೆಗೆ ಪರವಾಗಿಲ್ಲ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು ಅಂತ. ಐದು ಗಂಟೆಗೆ ಹೊರಟೆವು. ಮಂಡಗದ್ದೆ ದಾಟುವವರೆಗೆ ಮಲಗಿದ್ದ. ಆನೆ ಬಿಡಾರವಿರುವ ಸಕ್ರೆಬೈಲಿನಲ್ಲಿ ಎದ್ದು "ಆನೆ" ಅಂದ. ವಾಪಸ್ ಬರುವಾಗ ಅಂದೆ. ಗಾಜನೂರಿನಲ್ಲಿ "ದೋಸೆ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಿ, ಗುಂಪು. ಮೊದಲು ಎದ್ದಿದ್ದು ಬೆಂಗಳೂರು ಭಾವ. ಅವರು ಏಳುವುದೇ ಇದಕ್ಕೆ.

ಬೆಂಗಳೂರು ಭಾವ: ದೊಡ್ಡಪ್ಪಾ, ಸೋರ್ಸ್ ಎಲ್ಲಿ?

ದೊಡ್ಡಮಾವ: ಓದಿದ್ರೆ ಗೊತ್ತಾಗುತ್ತೆ ಮಾರಾಯ. ಅಮೆರಿಕ ಅಂತ ಬರೆದಿದೆ ಅಲ್ವಾ.

ಬೆಂಗಳೂರು ಭಾವ: ಅಮೆರಿಕ ಅನ್ನೋದು ಸೋರ್ಸ್ ಅಲ್ಲ. ಯಾರು, ಯಾವಾಗ, ಎಲ್ಲಿ ಹೇಳಿದ್ದು?

ದೊಡ್ಡಮಾವ: ನಿನಗೆ ಯಾವಾಗಲೂ ಸೋರ್ಸೇ ಬೇಕು. ನಾನು ಒಳ್ಳೇದಕ್ಕೆ ಕಳಿಸಿದ್ದು.

ಬೆಂಗಳೂರು ಭಾವ: 2020ರಲ್ಲೂ ಒಳ್ಳೇದಕ್ಕೇ ಕಳಿಸಿದ್ರಿ. ದಿನಕ್ಕೆ ಐದು ಸಲ ಕಾಳುಮೆಣಸಿನ ಕಷಾಯ. ಕುಡಿದು ಕುಡಿದು ಅಪ್ಪನಿಗೆ ಗ್ಯಾಸ್ಟ್ರಿಕ್ ಆಯ್ತು.

ಅಪ್ಪ ಅಂದರೆ ಮಾಸ್ತರ ಮಾವ. ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದವರು. ಗುಂಪಿನಲ್ಲಿ ಅವರು ಚುಟುಕಾಗಿ ಬರೆದಿದ್ದನ್ನು ನಾನು ನೋಡಿಲ್ಲ.

ಮಾಸ್ತರ ಮಾವ: ನನ್ನ ಹೊಟ್ಟೆಯ ವಿಷಯ ಸಾರ್ವಜನಿಕವಾಗಿ ಚರ್ಚಿಸುವ ಅಗತ್ಯವಿಲ್ಲ. ಆದರೂ ಒಂದು ಮಾತು. ನಮ್ಮ ಕಾಲದಲ್ಲಿ ಮಕ್ಕಳಿಗೆ ಆಪರೇಷನ್ ಎಂಬುದೇ ಇರಲಿಲ್ಲ. ಮಕ್ಕಳು ಮಣ್ಣಿನಲ್ಲಿ ಆಡುತ್ತಿದ್ದರು, ಗಂಜಿ ಉಣ್ಣುತ್ತಿದ್ದರು, ಗಟ್ಟಿಯಾಗಿದ್ದರು. ಈಗಿನ ತಂದೆತಾಯಿಗೆ ತಾಳ್ಮೆ ಇಲ್ಲ. ಸ್ವಲ್ಪ ಉಬ್ಬಿದರೆ ಡಾಕ್ಟರು, ಸ್ವಲ್ಪ ಕೆಮ್ಮಿದರೆ ಡಾಕ್ಟರು.

ಇದನ್ನು ಓದುತ್ತಿರುವಾಗಲೇ ನರ್ಸ್ ಬಂದು ಪುಟ್ಟನ ಹೆಸರು ಕೂಗಿದರು. ಸಣ್ಣ ಹಸಿರು ಅಂಗಿ ಹಾಕಿದರು. ಹಿಂದೆ ಗಂಟು, ಮುಂದೆ ಮೊಣಕಾಲವರೆಗೆ ಜೋಲು. ಕೈಗೆ ಹೆಸರಿನ ಪಟ್ಟಿ. ಒಟಿ ಬಾಗಿಲವರೆಗೆ ನಾನೇ ಎತ್ತಿಕೊಂಡು ಹೋದೆ. ಅರಿವಳಿಕೆಯ ಡಾಕ್ಟರಮ್ಮ ಮೂಗಿಗೆ ಹಿಡಿಯುವ ಮಾಸ್ಕ್ ತೋರಿಸಿ, "ಬಾ, ಬಲೂನು ಊದೋಣ" ಅಂದರು. ಅವನ ಮುಷ್ಟಿಯಲ್ಲಿ ಹಳದಿ ಜೆಸಿಬಿ ಆಟಿಕೆ. ಅದನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಬಾಗಿಲು ಮುಚ್ಚಿತು. 8 ಗಂಟೆ 35.

ನಮ್ಮವರು ಕೆಳಗೆ ಬಿಲ್ಲಿನ ಸಾಲಿನಲ್ಲಿದ್ದರು. ಅವರು ಗುಂಪನ್ನು ಮ್ಯೂಟ್ ಮಾಡಿ ನಾಲ್ಕು ವರ್ಷವಾಯಿತು. ಮ್ಯೂಟ್ ಮಾಡುವ ಸೌಕರ್ಯ ಮಗನಿಗಿರುತ್ತದೆ, ಸೊಸೆಗೆ ಇರುವುದಿಲ್ಲ. ಜೆಸಿಬಿ ಒಂದು ಕೈಯಲ್ಲಿ, ಫೋನು ಒಂದು ಕೈಯಲ್ಲಿ ಹಿಡಿದು ಕುಳಿತೆ.

ಅಷ್ಟರಲ್ಲಿ ದೊಡ್ಡತ್ತೆ ಬಂದಿದ್ದರು. "ಹೊಕ್ಕುಳಿಗೆ ಕಾಸು ಇಟ್ಟು ಬಟ್ಟೆ ಕಟ್ಟಿದ್ರೆ ಸಾಕಿತ್ತಲ್ವಾ? ನಮ್ಮ ದೊಡ್ಡವನಿಗೆ ಹಾಗೇ ವಾಸಿಯಾಗಿದ್ದು." ಇದನ್ನು ಮನೆಯಲ್ಲೂ ಕೇಳಿದ್ದೆ. ಅದು ಹೊಕ್ಕುಳಿನ ಹರ್ನಿಯಾ. ಅದು ಬಹಳಷ್ಟು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿಯೇ ಮುಚ್ಚುತ್ತದೆ. ಕಾಸು ಕಟ್ಟಿದರೂ ಮುಚ್ಚುತ್ತದೆ, ಕಟ್ಟದಿದ್ದರೂ ಮುಚ್ಚುತ್ತದೆ. ಹೆಸರು ಮಾತ್ರ ಕಾಸಿಗೆ ಬಂತು. ತೊಡೆಸಂದಿಯದ್ದು ಬೇರೆ. ಇಷ್ಟನ್ನು ಟೈಪ್ ಮಾಡಿದೆ, ಅಳಿಸಿದೆ. ದೊಡ್ಡತ್ತೆಗೆ ಪಾಠ ಹೇಳಿದ ಸೊಸೆ ಅಂತ ಆಮೇಲೆ ಹತ್ತು ವರ್ಷ ಕೇಳಬೇಕು.

ಆಗ ಮಂಗಳೂರಿನಲ್ಲಿ ನರ್ಸಿಂಗ್ ಕೊನೇ ವರ್ಷ ಓದುತ್ತಿರುವ ನಮ್ಮ ನಾದಿನಿಯ ಮಗಳು ಒಂದು ಉದ್ದ ಸಂದೇಶ ಹಾಕಿದಳು. ಇಡೀ ದಿನದಲ್ಲಿ ವಿಷಯ ಗೊತ್ತಿದ್ದು ಬರೆದ ಒಂದೇ ಸಂದೇಶ ಅದು. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದ್ದು ನಿಜ. ಆದರೆ ಅದು ನಿಷೇಧ ಅಲ್ಲ. 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆಗಿಂತ ಜಾಸ್ತಿ ಹೊತ್ತು, ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಡುವಾಗ ಯೋಚಿಸಿ ಅಂತ. ಇನ್ನೊಂದು, 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ. 7 ದೇಶಗಳ 28 ಆಸ್ಪತ್ರೆ, 722 ಶಿಶುಗಳು. ಎಲ್ಲರಿಗೂ ಇದೇ ತೊಡೆಸಂದಿಯ ಹರ್ನಿಯಾ ಆಪರೇಷನ್. ಕೆಲವರಿಗೆ ಪೂರ್ತಿ ಅರಿವಳಿಕೆ, ಕೆಲವರಿಗೆ ಎಚ್ಚರವಿದ್ದಂತೆಯೇ ಬೆನ್ನಿಗೆ ಸೂಜಿ. ಐದು ವರ್ಷವಾದಾಗ ಬುದ್ಧಿಮಟ್ಟ ಅಳೆದು ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವಿಲ್ಲ. "ಆ ಪಾಪುಗಳು ನಮ್ಮ ಪುಟ್ಟನಿಗಿಂತ ಎಷ್ಟೋ ಚಿಕ್ಕವು. ಒಂದು ಗಂಟೆಯೊಳಗಿನ ಅರಿವಳಿಕೆ ಅಷ್ಟೇ. ಹೆದರಬೇಡಿ ಅತ್ತೆ" ಅಂತ ನನ್ನನ್ನು ಟ್ಯಾಗ್ ಮಾಡಿದ್ದಳು.

ನಾನು ಅದನ್ನು ಮೂರು ಸಲ ಓದಿದೆ. ಉಳಿದವರು ಹೇಗೆ ಓದಿದರು ನೋಡಿ.

ದೊಡ್ಡತ್ತೆ: ಪುಟ್ಟಿ ಎಷ್ಟು ಚೆನ್ನಾಗಿ ಬರೀತಾಳೆ. ಕೊನೇ ವರ್ಷ ಅಲ್ವಾ? ಜಾತಕ ಹೊರಡಿಸಬಹುದು.

ದೊಡ್ಡಮಾವ: ನೋಡು ನೋಡು, ಎಚ್ಚರಿಕೆ ಕೊಟ್ಟಿದ್ದು ನಿಜ ಅಂತ ಅವಳೇ ಬರೆದಿದ್ದಾಳೆ.

ಬೆಂಗಳೂರು ಭಾವ: ಪುಟ್ಟಿ, ಲಿಂಕ್ ಹಾಕು.

ಅವಳು ಲಿಂಕ್ ಹಾಕಿದಳು. ಭಾವ ಹೆಬ್ಬೆರಳು ಒತ್ತಿದರು. ತೆರೆದಿರಲಾರರು, ಒತ್ತಿದ್ದು ಎರಡೇ ಸೆಕೆಂಡಿನಲ್ಲಿ.

ಇಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ತುಮರಿ ಅತ್ತಿಗೆ ಎದ್ದರು. ಹುಟ್ಟಿ ಬೆಳೆದಿದ್ದು ನಮ್ಮ ದೊಡ್ಡ ಮನೆಯಲ್ಲಿ, ಮದುವೆಯಾಗಿ ಹೋಗಿದ್ದು ಶರಾವತಿ ಹಿನ್ನೀರಿನ ಆಚೆ ದಡಕ್ಕೆ.

ತುಮರಿ ಅತ್ತಿಗೆ: ಮಾಸ್ತರ ಚಿಕ್ಕಪ್ಪ ಹೇಳಿದ್ದು ಸರಿ. ಆಗ ನಮಗೆಲ್ಲ ಎಣ್ಣೆ ಹಚ್ಚಿ ಬಚ್ಚಲಿನ ತಾಮ್ರದ ಹಂಡೆಯಿಂದ ಸುಡುಸುಡು ನೀರು ಹೊಯ್ತಿದ್ರು. ಅಡಿಕೆಸಿಪ್ಪೆ ಬೆಂಕಿ, ಹೊಗೆ, ಆ ಪರಿಮಳ! ಹಾಗೆ ಸ್ನಾನ ಮಾಡಿದ ಮಕ್ಕಳಿಗೆ ಕಾಯಿಲೆ ಎಲ್ಲಿಂದ ಬರಬೇಕು?

ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. "ಟೈಪಿಂಗ್" ಅಂತ ಬರುತ್ತದೆ, ಹೋಗುತ್ತದೆ, ಬರುತ್ತದೆ.

ಬೆಂಗಳೂರು ಭಾವ: ಅಕ್ಕಾ, ಸುಮ್ನೆ ಕೇಳ್ತೀನಿ. ಆ ಹಂಡೆ ಈಗ ಎಲ್ಲಿದೆ?

ನನ್ನ ಎದೆ ಒಮ್ಮೆ ಧಸಕ್ ಅಂತು. ಒಟಿ ಬಾಗಿಲು ನೋಡಿ ಅಲ್ಲ, ಇದನ್ನು ನೋಡಿ. ಈ ಮನೆಗೆ ಬಂದು ಏಳು ವರ್ಷವಾಯಿತು. ಹಂಡೆಯ ಮಾತು ಎತ್ತಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಅತ್ತಿಗೆಯ ಮದುವೆಯಲ್ಲಿ ಬೀಗರಿಗೆ ನೀರು ಕಾಯಿಸಲು ಅಂತ ಹಂಡೆಯನ್ನು ಹೊಳೆಬಾಗಿಲಿನ ಲಾಂಚಿನಲ್ಲಿ ಆಚೆಗೆ ದಾಟಿಸಿದ್ದರಂತೆ. ಜನ ವಾಪಸ್ ಬಂದರು, ಹಂಡೆ ಬರಲಿಲ್ಲ. ಅಷ್ಟರಲ್ಲಿ ಮನೆ ಪಾಲಾಯಿತು. ಹಂಡೆ ಮಾಸ್ತರ ಮಾವನ ಪಾಲಿಗೆ ಅಂತ ಕಾಗದದಲ್ಲಿ ಬರೆದರು. ಕಾಗದ ಇಲ್ಲಿ, ಹಂಡೆ ಅಲ್ಲಿ. ನಾನು ತುಮರಿಗೆ ಹೋದಾಗ ಕಣ್ಣಾರೆ ನೋಡಿದ್ದೇನೆ. ಅಂಗಳದ ಮೂಲೆಯಲ್ಲಿದೆ. ಒಳಗೆ ಆಂಥೂರಿಯಂ ಬೆಳೆದಿದೆ. ಚೆನ್ನಾಗಿಯೇ ಬೆಳೆದಿದೆ.

ಮಾಸ್ತರ ಮಾವ: ವಸ್ತುವಿನ ವ್ಯಾಮೋಹ ನನಗಿಲ್ಲ. ಆದರೆ ಕೊಟ್ಟ ಮಾತು ಎಂಬುದೊಂದು ಇರುತ್ತದೆ.

ತುಮರಿ ಅತ್ತಿಗೆ: ಯಾರು ಯಾರಿಗೆ ಮಾತು ಕೊಟ್ಟಿದ್ದು? ಆಯಿಗೆ ಹುಷಾರಿಲ್ಲದಾಗ ಜೀಪು ಕೊಡಲ್ಲ ಅಂದವರು ಯಾರು ಅಂತ ನಾನೂ ಬರೀಲಾ?

ದೊಡ್ಡಮಾವ: ಜೀಪಿಗೆ ಅವತ್ತು ಡೀಸೆಲ್ ಇರಲಿಲ್ಲ. ಸಾವಿರ ಸಲ ಹೇಳಿದ್ದೇನೆ.

ಬೆಂಗಳೂರು ಭಾವ: ಸೋರ್ಸ್?

ಅತ್ತಿಗೆ ಬುದ್ಧಿವಂತೆ. ಮಾತು ಬೇರೆ ಕಡೆ ತಿರುಗಿಸಲು ಲಾಂಚಿನ ನೆನಪು ಶುರು ಮಾಡಿದರು. ಬಸ್ಸನ್ನೇ ಲಾಂಚಿನ ಮೇಲೆ ಹತ್ತಿಸುತ್ತಿದ್ದದ್ದು, ನೀರಿನ ನಡುವೆ ನಿಂತ ಒಣ ಮರಗಳು, ಸಂಜೆ ಕೊನೇ ಲಾಂಚ್ ತಪ್ಪಿದರೆ ದಡದಲ್ಲೇ ರಾತ್ರಿ. ನಾಲ್ಕು ಹಳೇ ಫೋಟೋ. ಒಂದರಲ್ಲಿ ಹಿಂದೆ ಹಂಡೆಯ ಕಂಠ ಕಾಣುತ್ತಿತ್ತು, ಅದನ್ನು ಅವರು ಗಮನಿಸಿರಲಿಲ್ಲ. ಭಾವ ಅದಕ್ಕೊಂದು ಕೆಂಪು ವೃತ್ತ ಹಾಕಿ ವಾಪಸ್ ಕಳಿಸಿದರು. "2025ರ ಜುಲೈಯಲ್ಲಿ ಸೇತುವೆ ಆಯ್ತಲ್ವಾ ಅಕ್ಕಾ. ಈಗ ಹಂಡೆ ತರೋಕೆ ಲಾಂಚ್ ಕಾಯಬೇಕಾಗಿಲ್ಲ."

ಈ ಗಲಾಟೆಯ ನಡುವೆ ದೊಡ್ಡತ್ತೆಯ ಒಂದು ಧ್ವನಿ ಸಂದೇಶ ಬಂತು. ಹನ್ನೊಂದು ಸೆಕೆಂಡಿನದು. ಕಿವಿಗೆ ಹಿಡಿದೆ. "ಮಗುವಿಗೆ ಧೈರ್ಯವಾಗಿ ಮಾಡಿಸ್ತಾ ಇದಾರೆ ಮಾರಾಯ್ತಿ, ನಮ್ಮನೇವ್ರಿಗೆ ನೋಡು, ಆರು ವರ್ಷದಿಂದ ಅದೇ ಹರ್ನಿಯಾ, ಬೆಲ್ಟ್ ಕಟ್ಟಿಕೊಂಡೇ ತೋಟಕ್ಕೆ ಹೋಗ್ತಾರೆ, ಆಪರೇಷನ್ ಅಂದ್ರೆ..." ಯಾರಿಗೋ ಕಳಿಸಬೇಕಾಗಿದ್ದು ಗುಂಪಿಗೆ ಬಿದ್ದಿತ್ತು. ಮತ್ತೊಮ್ಮೆ ಕೇಳೋಣ ಅನ್ನುವಷ್ಟರಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ". ಉಳಿದವರೆಲ್ಲ ಹಂಡೆಯಲ್ಲಿದ್ದರು. ಕೇಳಿದ್ದು ನಾನೊಬ್ಬಳೇ ಇರಬೇಕು.

ಮೇಲೆ ಹೋಗಿ ಆ ಫಾರ್ವರ್ಡನ್ನು ಇನ್ನೊಮ್ಮೆ ನೋಡಿದೆ. ಬೆಳಿಗ್ಗೆಯಿಂದ ಬಂದಿದ್ದ ಸಿಟ್ಟು ಎಲ್ಲಿಗೋ ಹೋಗಿತ್ತು.

9 ಗಂಟೆ 25ಕ್ಕೆ ಬಾಗಿಲು ತೆರೆಯಿತು. ಸರ್ಜನ್ ಎರಡೇ ಮಾತು ಹೇಳಿದರು: ಚೆನ್ನಾಗಿ ಆಯಿತು, ಮಕ್ಕಳಿಗೆ ಜಾಲರಿ ಏನೂ ಬೇಕಾಗಿಲ್ಲ, ಆ ದಾರಿಯ ಬಾಯಿ ಕಟ್ಟಿದ್ದೇವೆ ಅಷ್ಟೇ. ಒಳಗೆ ಪುಟ್ಟ ಕಿರುಚುತ್ತಿದ್ದ. ಕಣ್ಣು ತೆರೆದಿದೆ, ನನ್ನನ್ನೇ ನೋಡುತ್ತಿದ್ದಾನೆ, ಆದರೆ ನಾನು ಅಮ್ಮ ಅಂತ ಗೊತ್ತಿಲ್ಲ. ತಳ್ಳುತ್ತಾನೆ, ಒದೆಯುತ್ತಾನೆ ಅನ್ನಲೂ ಆಗದು, ಕಾಲು ಜೋಲಾಡುತ್ತಿವೆ. ನೋವಿಗೆ ಅಂತ ಬೆನ್ನಿನ ಕೆಳಗೆ ಕೊಟ್ಟ ಸೂಜಿಯಿಂದ ಕಾಲು ಮರಗಟ್ಟಿರುತ್ತದೆ, ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ ಅಂತ ಮೊದಲೇ ಹೇಳಿದ್ದರು. ಮಂಪರಿನಿಂದ ಏಳುವಾಗ ಹೀಗೆ ಅಳುತ್ತಾರೆ ಅಂತಲೂ ಹೇಳಿದ್ದರು. ಹೇಳಿದ್ದನ್ನು ಕೇಳುವುದು ಬೇರೆ, ಹೊತ್ತುಕೊಂಡು ನಿಲ್ಲುವುದು ಬೇರೆ. ಇಪ್ಪತ್ತು ನಿಮಿಷ ಹಾಗೇ. ಆಮೇಲೆ ಒಮ್ಮೆಲೇ ಬಿಕ್ಕಿ, ಕೊರಳಿಗೆ ಮುಖ ಒತ್ತಿ, "ಜೆಸಿಬಿ ಎಲ್ಲಿ?" ಅಂದ.

ಸಂಜೆಗೆ ಬಿಟ್ಟರು. ಸಕ್ರೆಬೈಲಿಗೆ ಬರುವಾಗ ಕತ್ತಲಾಗಿತ್ತು, ಅವನಿಗೂ ನಿದ್ದೆ. ಆನೆ ಬಾಕಿ ಉಳಿಯಿತು. ಅತ್ತೆ ಮಲಗಿದ ಮಗುವಿನ ಫೋಟೋ ಹಾಕಿದರು. ಮತ್ತೆ ಇಪ್ಪತ್ತಾರು ಕೈಮುಗಿದ ಚಿತ್ರ. ತುಮರಿ ಅತ್ತಿಗೆ ಗುಂಪು ಬಿಟ್ಟಿದ್ದರು. ಒಂಬತ್ತು ಗಂಟೆಗೆ ಅತ್ತೆ ಮತ್ತೆ ಸೇರಿಸಿದರು.

ರಾತ್ರಿ ಹತ್ತೂವರೆಗೆ ನನಗೊಂದು ಸಂದೇಶ. ಗುಂಪಿನಲ್ಲಲ್ಲ, ನನಗೊಬ್ಬಳಿಗೇ. ದೊಡ್ಡಮಾವ ನನಗೆ ಹಾಗೆ ಬರೆದಿದ್ದು ಅದೇ ಮೊದಲು.

"ಪುಟ್ಟ ಮಲಗಿದನಾ?"

"ಮಲಗಿದ ಮಾವ. ಪ್ಯಾರಾಸಿಟಮಾಲ್ ಸಿರಪ್ ಬರೆದಿದ್ರು, ಕೊಟ್ಟೆ. ಆರಾಮಿದ್ದಾನೆ."

"ಒಳ್ಳೇದಾಯ್ತು." ಸ್ವಲ್ಪ ಹೊತ್ತು ಬಿಟ್ಟು, "ಆ ಡಾಕ್ಟರು ದೊಡ್ಡವರಿಗೂ ನೋಡ್ತಾರಾ? ನಮ್ಮ ಪರಿಚಯದವರು ಒಬ್ಬರು ಕೇಳ್ತಾ ಇದ್ರು."

"ಇಲ್ಲ ಮಾವ, ಅವರು ಮಕ್ಕಳಿಗೆ ಮಾತ್ರ. ದೊಡ್ಡವರಿಗೆ ನೋಡೋರು ಅಲ್ಲೇ ಕೆಳಗಿನ ಮಹಡಿಯಲ್ಲಿದ್ದಾರೆ. ಬುಧವಾರ ಸಿಗ್ತಾರಂತೆ. ಇವರೇ ಕರೆದುಕೊಂಡು ಹೋಗ್ತಾರೆ ಬೇಕಾದ್ರೆ, ನಿಮ್ಮ ಪರಿಚಯದವರನ್ನ."

ನೀಲಿ ಗೆರೆ ಬಿತ್ತು. ಉತ್ತರವಿಲ್ಲ. ಫೋನು ಕೆಳಗಿಟ್ಟು ಪುಟ್ಟನ ಹೊದಿಕೆ ಸರಿಮಾಡಿದೆ. ಮತ್ತೆ ಟುಂಯ್ ಅಂತು.

"ಆಪರೇಷನ್ ಅಂದ್ರೆ ಅವರೂ ಬೆಳಗಿನ ಕಾಫಿ ಕುಡಿಯೋ ಹಾಗಿಲ್ವಾ?"

"ಹಾಲು ಹಾಕಿದ್ದು ಆರು ಗಂಟೆ ಮೊದಲೇ ನಿಲ್ಲಿಸಬೇಕು ಮಾವ."

"ಅಷ್ಟು ಹೊತ್ತು ಕಷ್ಟ."

ಅದರ ಹಿಂದೆಯೇ ಬೇರೆಯಾಗಿ ಇನ್ನೊಂದು ಪದ ಬಂತು: "ಅವರಿಗೆ."